ಡಬ್ಬಿ ಲೆಕ್ಕ

ಏಪ್ರಿಲ್ ಹತ್ತು ದಾಟಿತೋ, ನಮ್ಮ ಅರಸೀಕೆರೆಯಲ್ಲಿ
ಚಪ್ಪಲಿ ಬಿಟ್ಟರೆ ಅಂಗಾಲು ಹಪ್ಪಳ.
ಅಂಥಾ ಬಿಸಿಲಲ್ಲಿ ಬಂದಿಳಿದವು ಮೂರು ಮೊಮ್ಮಕ್ಕಳು,
ಎರಡು ಬ್ಯಾಗು, ಒಂದು ಕ್ಯಾರಂ ಬೋರ್ಡು,
ದಾವಣಗೆರೆ ಧೂಳು ಸಮೇತ.

ಕಾಲು ತೊಳೆಯುವ ಮೊದಲೇ ಕೇಳಿದವು:
"ಅಜ್ಜೀ, ಇಲ್ಲಿ ಏನಿದೆ?"
ಏನಿದೆ ಅಂತ ಹೇಳಲಿ.
ನಲ್ಲಿ ನೀರು ಮೂರು ದಿನಕ್ಕೊಮ್ಮೆ.
ಬಂದ ದಿನ ಕೊಡ, ಬಕೆಟ್ಟು, ಚೊಂಬು
ತುಂಬಿಸಿದ ಮೇಲೆ ಒಬ್ಬರನ್ನೊಬ್ಬರು ತುಂಬಿಸುತ್ತವೆ,
ಕೊನೆಗೆ ನನ್ನ ಸೀರೆಯನ್ನೂ.
ತಾರಸಿ ಮೇಲೆ ಸಂಡಿಗೆ ಇಟ್ಟರೆ
ಕಾಗೆ ಓಡಿಸೋದು ಕಿರಿಯವನ ಪಾಲಿಗೆ, ಶಮಂತನಿಗೆ.
ಕಾಗೆಗಿಂತ ಅವನೇ ಹೆಚ್ಚು ತಿಂದ, ಹಸೀ ಹಿಟ್ಟು.
ರಾತ್ರಿ ಹೊಟ್ಟೆನೋವು, ಓಂಕಾಳು, ಬಿಸಿನೀರು.
ಬೆಳಗಾದರೆ ಮತ್ತೆ ಅವನೇ ಕಾವಲು,
ಕಳ್ಳನ ಕೈಗೆ ಬೀಗದ ಕೈ.

ಆದರೆ ಮಧ್ಯಾಹ್ನ ಮೂರೂವರೆಗೆ
ಮನೆ ಹಿಂದೆ ಗೂಡ್ಸು ಹೋಗುತ್ತದಲ್ಲ,
ಆಗ ಸಂಡಿಗೆ ಕಾಗೆಗೆ, ಕ್ಯಾರಂ ಗೆದ್ದಲಿಗೆ.
ಇವರು, ಜೇನುಕಲ್ಲಪ್ಪನವರು,
ಮೂವತ್ತೊಂದು ವರ್ಷ ಹಸಿರು ಕೆಂಪು ಬಾವುಟ ಹಿಡಿದವರು,
ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚುತ್ತಾರೆ.
ಕಾಂಪೌಂಡಿನ ಮೇಲೆ ಮೂರು ಕೋತಿ.
ಪಂದ್ಯ ಇಷ್ಟೇ:
ಅವು ಕಣ್ಣಲ್ಲಿ ಎಣಿಸಬೇಕು, ಇವರು ಕಿವಿಯಲ್ಲಿ.
ತಪ್ಪಿದವರ ಕೋಡುಬಳೆ ಗೆದ್ದವರಿಗೆ.

ಹಳಿ ಹಳಿ ಕೂಡುವ ಆ ಜಾಗದಲ್ಲಿ
ಟಕಟಕ್, ಟಕಟಕ್,
ಅಟ್ಟದ ಮೇಲಿನ ಕಂಚಿನ ತಟ್ಟೆಯೂ ಗುನುಗುತ್ತದೆ.

ಮೊದಲ ವಾರ ತಾತನದೇ ದರ್ಬಾರು.
"ಐವತ್ತೆಂಟು. ಅದರಲ್ಲೊಂದರ ಗಾಲಿ
ಚಪ್ಪಟೆಯಾಗಿದೆ, ಕುಂಟುತ್ತೆ. ಕೇಳಿಸಲಿಲ್ವೇನ್ರೋ?"
ಹಿರಿಯವಳು ಇಂಪನ
ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಳು.
ನಡುವಿನವಳು ಚಾರ್ವಿ
ಕೊಟ್ಟ ಕೋಡುಬಳೆಗೆ ಕಣ್ಣೀರು ಹಾಕಿದಳು.

ಎರಡನೇ ವಾರ ಒಂದು ಗುರುವಾರ.
ರೈಲು ದಾಟಿತು, ಧೂಳು ಕೂತಿತು.
"ನಲವತ್ತು" ಅಂದರು ಇವರು.

ಮೂರೂ ಸುಮ್ಮನೆ.
ಇಂಪನ ತಂಗಿಯ ಕಾಲು ತುಳಿದಳು,
ಚಾರ್ವಿ ಅರ್ಥ ಮಾಡಿಕೊಂಡು ತಲೆ ಆಡಿಸಿದಳು:
"ನಾವೂ ನಲವತ್ತೇ ಎಣಿಸಿದ್ವಿ ತಾತ."
ಶಮಂತನಿಗೆ ಇನ್ನೂ ಸುಳ್ಳು ಬಾರದು, ಆರು ವರ್ಷ.
"ನಲವತ್ತೆರಡೂ!" ಅಂತ ಅರಚಿದ,
ಬೀದಿಗೆಲ್ಲ ಕೇಳುವ ಹಾಗೆ.

ಇವರು ಕಣ್ಣು ತೆರೆದರು.
ನಾನು ಬಾಣಲೆ ಇಳಿಸಿದೆ.
ಒಂದು ಗಳಿಗೆ ಯಾರೂ ಏನೂ ಅನ್ನಲಿಲ್ಲ.
ಆಮೇಲೆ ತಮ್ಮ ತಟ್ಟೆಯಿಂದ ಎರಡು ಕೋಡುಬಳೆ ತೆಗೆದು
ಅವನ ಎರಡು ಕೈಗೂ ಬಳೆ ತೊಡಿಸಿದ ಹಾಗೆ ತೊಡಿಸಿ
"ಇವನೊಬ್ಬನೇ ರೈಲ್ವೆಗೆ ಲಾಯಕ್ಕು" ಅಂದರು.
"ನೀವಿಬ್ಬರೂ ಪಾಪದವರು.
ಪಾಪ ಅಂತ ಲೆಕ್ಕ ತಪ್ಪಿಸುವವರ ಕೈಗೆ
ಬಾವುಟ ಕೊಡೋಕಾಗಲ್ಲ."

ಮಾರನೇ ದಿನದಿಂದ ಆಟ ತಿರುಗಾಮುರುಗಾ.
ಮಕ್ಕಳು ಕಣ್ಣು ಮುಚ್ಚಿ ಗೋಡೆಗೊರಗಿ,
ತಾತ ಸ್ಟೂಲು ಹಾಕಿಕೊಂಡು ಕಾಂಪೌಂಡಿನ ಬಳಿ,
ಬೆರಳು ಮಾಡಿ ಮಾಡಿ, ತುಟಿ ಅಲ್ಲಾಡಿಸಿ.
ಮೊದಮೊದಲು ಅವಕ್ಕೆ ಬರೀ ಗದ್ದಲ.
ಚಾರ್ವಿ ಮೂವತ್ತಕ್ಕೆ ನಿದ್ದೆ ಹೋದಳು.
ಆಮೇಲೊಂದು ದಿನ ಇಂಪನ
ಕಣ್ಣು ಮುಚ್ಚಿಕೊಂಡೇ ಎದ್ದು ನಿಂತಳು:
"ತಾತಾ, ಕುಂಟುಗಾಲಿ! ಅದೇ ಬಂತು!"
ಇವರ ಮುಖ ನೋಡಬೇಕಿತ್ತು,
ಕಳೆದುಹೋದ ಎಮ್ಮೆ ತಾನಾಗಿ ಕೊಟ್ಟಿಗೆಗೆ ಬಂದಷ್ಟು.

ರಜೆ ಮುಗಿಯಿತು, ಹೋದವು.
ಬಾಗಿಲ ಹಿಂದಿನ ಲೆಕ್ಕ ನಾನು ಒರೆಸಿಲ್ಲ.

ಅಂದಹಾಗೆ, ಆ ಗುರುವಾರ ನಲವತ್ತೆರಡೂ ಅಲ್ಲ.
ನಲವತ್ತಮೂರು.
ಬಾಲದಲ್ಲಿದ್ದ ಗಾರ್ಡಿನ ಡಬ್ಬಿ ಶಮಂತನೂ ಬಿಟ್ಟಿದ್ದ.
ಹಿಟ್ಟಿನ ಕೈಯಲ್ಲಿ, ಒಲೆ ಮುಂದೆ ನಿಂತು
ಮದುವೆಯಾಗಿ ಬಂದ ವರ್ಷದಿಂದ ಎಣಿಸುತ್ತಿದ್ದೇನೆ.
ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇನ್ನೊಂದು ಡಬ್ಬಿಯಲ್ಲಿ ಕೋಡುಬಳೆ ಎಷ್ಟು ಉಳಿದಿದೆ
ಅನ್ನೋದನ್ನೂ ಹೇಳಿಲ್ಲ.