ಕಸುಬು: ಬಟ್ಟೆ ಒಗೆಯುವುದು

ಲುಬ್ಲಿನ್, ನಾಲ್ಕನೇ ಮಹಡಿ. ಹೊರಗೆ ಹಿಮ.
ಕತ್ತಿಗೆ, ಮಂತ್ರಕ್ಕೆ ಎಲ್ಲರೂ ಅಂಕ ಸುರಿದಾಗ
ಹಾಲ್ಶ್ಕಾ ಒಬ್ಬಳೇ ಪೆನ್ಸಿಲಿನಲ್ಲಿ ಬರೆದಳು:
ಕಸುಬು, ಬಟ್ಟೆ ಒಗೆಯುವುದು. ನಾಲ್ಕು.
ನಕ್ಕರು. ಡ್ರ್ಯಾಗನ್ನಿನ ಅಂಗಿ ಒಗೀತೀಯೇನೇ?

ಹನ್ನೊಂದನೇ ವಾರ ರಾಜನ ಕೊಲೆ.
ಸಿಂಹಾಸನದ ಮೇಲೆ ಕೆಂಪು ಮೆತ್ತಿದ ನಿಲುವಂಗಿ,
ಹೆಣವಿಲ್ಲ.
ಮಾಂತ್ರಿಕ ಯಾರೆಕ್ ಮೂರು ಸಲ ದಾಳ ಉರುಳಿಸಿ ಸೋತ.

‘ಇಡೀ ರಾತ್ರಿ ಬಿದ್ದಿತ್ತು ಅಂದಿರಲ್ಲ?
ರಕ್ತವಾಗಿದ್ದರೆ ಕಂದಾಗಿ ಅಂಚು ಸೆಟೆದಿರುತ್ತಿತ್ತು.
ಇದಿನ್ನೂ ನೇರಳೆಗೆಂಪು.
ಬೀಟ್‌ರೂಟು.’

ಆಟ ನಡೆಸುವ ಕಾಯೆತಾನ್ ಅಟ್ಟೆಯ ಮರೆಯಲ್ಲಿ
ಮೂರು ವಾರದ ಕಥೆ ಬರೆದ ಹಾಳೆಯನ್ನು
ಮೆಲ್ಲಗೆ ಹರಿದ.

ನಾಳೆ ಐದಕ್ಕೆ ಆಸ್ಪತ್ರೆಯ ಲಾಂಡ್ರಿ ಪಾಳಿ.
ಬ್ಲೀಚಿಗೆ ಬಿರಿದ ಬೆರಳಿಗೆ ಕೈಗವಸು ಏರಿಸುವಾಗ
ಬಾಗಿಲಲ್ಲಿ ಯಾರೆಕ್:
‘ನನ್ನ ಸ್ವೆಟರಿನ ಈ ವೈನ್ ಕಲೆ...’
‘ಉಪ್ಪು,’ ಅಂದಳು. ‘ಈಗಲೇ.’