ಐದನೇ ಉಪನ್ಯಾಸ

ತಮಕದ ಸಭಾಂಗಣ. ಮೊದಲ ದಿನ ತುಂಬಿದ್ದ ಕುರ್ಚಿಗಳಲ್ಲಿ
ಈಗ ಹನ್ನೊಂದು ಜನ, ಹಾಜರಾತಿಗೆ ಬಂದವರೂ ಸೇರಿ.
ಹುಬ್ಬಿನೆಲುಬು ಉಬ್ಬಿದ ತಲೆಬುರುಡೆಯೊಂದು
ಪರದೆಯ ಮೇಲೆ ಮೂಡುವಷ್ಟರಲ್ಲಿ
ಕರೆಂಟು ಹೋಯಿತು.

ಪುಷ್ಪಾವತಿ ಮೇಡಂ ನಕ್ಕರು: "ಸರಿ, ಅವನ ಕಾಲಕ್ಕೇ ಬಂದೆವು."
ಪೆಟ್ಟಿಗೆಯಿಂದ ಏನೋ ತೆಗೆದ ಸದ್ದು.
"ಕೈಗೊಡಲಿ. ಲಕ್ಷಗಟ್ಟಲೆ ವರ್ಷ ಹಳತು. ಬೀಳಿಸಬೇಡಿ."

ಕತ್ತಲಲ್ಲಿ ಕೈಯಿಂದ ಕೈಗೆ ಬಂತು ಕಲ್ಲು,
ಯಾರದೋ ಉಂಗುರಕ್ಕೆ ಟಣ್ಣೆಂದು ತಾಗಿ.
ನನ್ನ ಹತ್ತಿರ ಬರುವಾಗ ಬೆಚ್ಚಗಿತ್ತು.

ಬಲಗೈಯಲ್ಲಿ ಕೂರಲಿಲ್ಲ. ಎಡಗೈಗೆ ಹಾಕಿದೆ,
ಹೆಬ್ಬೆರಳು ತಾನೇ ಜಾಗ ಹುಡುಕಿಕೊಂಡಿತು.
ಚಕ್ಕೆ ಎದ್ದ ಗುಳಿಗಳನ್ನು ಸವರಿದೆ:
ಇಲ್ಲಿ ಹೊಡೆದ, ಇಲ್ಲಿ ತಿರುಗಿಸಿದ,
ಇಲ್ಲಿ ಅವಸರ ಮಾಡಿದ, ತುದಿ ಮುಕ್ಕಾಯಿತು,
ಆದರೂ ಬಿಸಾಡಲಿಲ್ಲ.

ಟೇಕಲ್ ಕ್ವಾರಿಯಲ್ಲಿ ನಮ್ಮಪ್ಪ ಪಿಳ್ಳಪ್ಪ
ಸೀಳುವ ಮುಂಚೆ ಬಂಡೆಗೆ ಕಿವಿಯಿಟ್ಟು ತಟ್ಟುತ್ತಿದ್ದ,
ಸುತ್ತಿಗೆ ಯಾವಾಗಲೂ ಎಡಗೈಯಲ್ಲಿ.
"ಕೇಳುಸ್ತಾ? ಈ ಕಡೆ ಒಪ್ಪೈತೆ, ಆ ಕಡೆ ಇನ್ನಾ ಇಲ್ಲ."
ಕಲ್ಲು ಅವನಿಗೆ ಒಪ್ಪುತ್ತಿತ್ತು.
ರೇಷನ್ ಅಂಗಡಿಯ ಯಂತ್ರ ಒಪ್ಪುತ್ತಿರಲಿಲ್ಲ:
ಹೆಬ್ಬೆಟ್ಟಿನ ಗೆರೆಗಳು ಸವೆದು
ನುಣ್ಣಗಾಗಿದ್ದವು, ಹೊಳೆಯ ಕಲ್ಲಿನಂತೆ.
ಮೂರು ಸಲ ಒತ್ತಿ, ಲುಂಗಿಗೆ ಒರೆಸಿ, ಮತ್ತೆ ಒತ್ತಿ
ಖಾಲಿ ಚೀಲ ಮಡಚಿಕೊಂಡು ಬರುತ್ತಿದ್ದ.

ಕರೆಂಟು ಬಂತು. ಬುರುಡೆ ಮತ್ತೆ ನಮ್ಮನ್ನು ನೋಡಿತು.
"ಇದನ್ನು ಮಾಡಿದವನ ಬಗ್ಗೆ," ಮೇಡಂ ಕೇಳಿದರು,
"ನಮಗೆ ಏನು ಗೊತ್ತು?"

ಎಡಚ, ಅಂದೆ.

ಯಾರೋ ಕಿಸಕ್ಕೆಂದರು. ಮೇಡಂ ನಗಲಿಲ್ಲ,
ಕನ್ನಡಕ ತೆಗೆದು ನನ್ನ ಕೈಯನ್ನೇ ನೋಡಿದರು.
ಪಕ್ಕದವನು ಆಗಲೇ ಕೈ ಚಾಚಿದ್ದ.