ಎಣಿಸಬಾರದು

ದನ ಎಣಿಸಬಾರದು ಅಂತಿದ್ದಳು ಬೋಜಿಯಜ್ಜಿ.
ಎಣಿಸಿದರೆ ಕಾಡಿಗೆ ಕೇಳಿಸುತ್ತೆ,
ಕೇಳಿಸಿಕೊಂಡದ್ದು ಪಾಲು ಕೇಳುತ್ತೆ.
ಸಂಜೆ ತಡಿಕೆ ಎಳೆಯುವಾಗ ಅವಳು ನೋಡುತ್ತಿದ್ದದ್ದು
ಯಾವುದು ಬಂದಿಲ್ಲ ಅಂತ ಅಷ್ಟೇ:
ಗೊಡ್ಡಿ ಬಂತು, ಕೆಂದಿ ಬಂತು,
ಕೆಂದಿಯ ಮಗಳು ಎಲ್ಲಿ?

ಹೊನ್ನೆಕೊಲ್ಲಿ ಹಾಡಿಗೆ ಜೀಪು ಬಂದದ್ದು
ಕಾಫಿ ಹೂ ಬಿಟ್ಟ ವಾರ.
ಗಾರ್ಡು, ದನದ ಡಾಕ್ಟ್ರು, ರಿಜಿಸ್ಟರ್ ಹಿಡಿದ ಹುಡುಗ,
ಒಂದು ಡಬ್ಬ ಕೆಂಪು ಪೇಂಟು.
ಕಾಡಲ್ಲಿ ಮೇವು ಸಾಲದಂತೆ.
ಕಾಟಿಗೆ ರೋಗ ಅಂಟುತ್ತಂತೆ.
ಮನೆಗೆ ಎರಡು ಸಾಕಂತೆ.
‘ಎಷ್ಟಿವೆ ಅಜ್ಜಿ?’
ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆ ಅಗಿದಳು.
‘ಇವೆ’ ಅಂದಳು.
ಹುಡುಗನೇ ಬೆರಳು ತೋರಿಸಿ ತೋರಿಸಿ ಎಣಿಸಿದ, ಗಟ್ಟಿಯಾಗಿ.
ಹನ್ನೊಂದು.
ನನಗೆ ಅಲ್ಲಿವರೆಗೆ ಗೊತ್ತಿರಲಿಲ್ಲ
ನಮ್ಮವು ಹನ್ನೊಂದು ಅಂತ.

ಎರಡರ ಕೊಂಬಿಗೆ ಪೇಂಟು ಬಳಿದರು.
ಉಳಿದವು ಭಾನುವಾರ ಗೋಣಿಕೊಪ್ಪಕ್ಕೆ.
ಒಂದೇ ದಿನ ಅಷ್ಟೂ ಹಾಡಿಗಳ ದನ ಬಂದು ನಿಂತರೆ
ದಲ್ಲಾಳಿ ಟವೆಲಿನಡಿ ಬೆರಳು ಹಿಡಿಯುವ ತೊಂದರೆಯನ್ನೂ ತಗೊಳ್ಳಲಿಲ್ಲ,
ಎಲ್ಲರಿಗೂ ಕೇಳುವ ಹಾಗೆ ಬಾಯಲ್ಲೇ ಹೇಳಿದ ರೇಟು.
ಗೊಬ್ಬರದ ಲೆಕ್ಕ ಯಾರೂ ಕೇಳಲಿಲ್ಲ.
ಬುಟ್ಟಿಗೆ ಇಷ್ಟು ಅಂತ ತೋಟದವರಿಗೆ ಮಾರಿ
ಅವ್ವ ನನ್ನ ಸ್ಲೇಟು, ಅಣ್ಣನ ಚಪ್ಪಲಿ,
ಅಜ್ಜಿಯ ಹೊಗೆಸೊಪ್ಪು ತಂದದ್ದು
ಅವರ ಯಾವ ಕಾಲಮ್ಮಿನಲ್ಲೂ ಕೂರಲಿಲ್ಲ.
ಮರುವಾರದಿಂದ ಅದೇ ತೋಟಕ್ಕೆ ಅವಳು ಕೂಲಿ;
ಬಯಲುಸೀಮೆಯಿಂದ ಲಾರಿಯಲ್ಲಿ ಬಂದ
ಯಾರದೋ ದನದ ಗೊಬ್ಬರ ಹೊತ್ತಳು.

ಐದನೇ ದಿನ ಕೆಂದಿ ಬಂತು.
ಒಂದೇ, ಆನೆಕಂದಕ ಸುತ್ತಿಕೊಂಡು,
ಕಡಿದ ಹಗ್ಗ ಎಳೆದುಕೊಂಡು.
ತಡಿಕೆಯ ಮುಂದೆ ನಿಂತಿತು,
ತಡವಾದದ್ದಕ್ಕೆ ಬೈಸಿಕೊಳ್ಳಲು ಬಂದ ಹಾಗೆ.
ಸಿಕ್ಕಿದರೆ ದಂಡ ಅಂದಿದ್ದರು. ಪೇಂಟಿನವನ್ನೂ ಒಯ್ಯುತ್ತೇವೆ ಅಂದಿದ್ದರು.
ಅಜ್ಜಿ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು.
ಅವ್ವ ಕಲ್ಲು ಎತ್ತಿದಳು.
ಮೊದಲನೆಯದು ಬೇಕಂತಲೇ ತಪ್ಪಿತು.
ಎರಡನೆಯದು ಪಕ್ಕೆಗೆ.
ಕೆಂದಿ ಓಡಲಿಲ್ಲ. ಹತ್ತಿರ ಬಂತು.
ದಿನಾ ಉಪ್ಪು ತಿನ್ನಿಸಿದ ಕೈಯಲ್ಲವೇ,
ಮೂರನೆಯ ಕಲ್ಲಿನ ಸಮೇತ
ಅಂಗೈ ನೆಕ್ಕಿತು.

ಅಣ್ಣ ಅದನ್ನು ಆ ರಾತ್ರಿ ಎಲ್ಲಿಗೆ ಹೊಡೆದುಕೊಂಡು ಹೋದ,
ಹೇಳಿಲ್ಲ. ಹಗ್ಗ ಮಾತ್ರ ವಾಪಸ್ ತಂದ.

ಅವ್ವ ಇವತ್ತಿಗೂ ಸಾರಿಗೆ ಉಪ್ಪು
ಎಡಗೈಯಲ್ಲಿ ಹಾಕುತ್ತಾಳೆ.